ಚಲನೆಯ ಗುಟ್ಟನ್ನು ಅರಸಿದ ವಿಜ್ಞಾನಿ

ಮುಂಜಾನೆ ಎದ್ದು ಮೈಮುರಿಯುವುದರಿಂದ ಹಿಡಿದು ರಾತ್ರಿ ಕಣ್ಣು ಮುಚ್ಚುವವರೆಗೆ ನಮ್ಮ ದೇಹವು ಒಂದಲ್ಲ ಒಂದು ಚಲನೆಯಲ್ಲಿ ತೊಡಗಿರುತ್ತದೆ. ನಾವು ನಡೆಯುತ್ತೇವೆ, ಬರೆಯುತ್ತೇವೆ, ಭಾರವನ್ನು ಎತ್ತುತ್ತೇವೆ. ನಾವು ಗಾಢನಿದ್ರೆಯಲ್ಲಿರುವಾಗಲೂ ಹೃದಯವು ತನ್ನ ಮಿಡಿತವನ್ನು ನಿಲ್ಲಿಸುವುದಿಲ್ಲ. ಈ ಕ್ರಿಯೆಗಳೆಲ್ಲವೂ ನಮಗೆ ಎಷ್ಟು ಸಹಜವಾಗಿವೆಯೆಂದರೆ, ಅವುಗಳ ಹಿಂದೆ ಒಂದು ದೊಡ್ಡ ರಹಸ್ಯವಿದೆಯೆಂಬುದು ನಮ್ಮ ಮನಸ್ಸಿಗೆ ಹೊಳೆಯುವುದೇ ಇಲ್ಲ. ಮೆತ್ತಗಿರುವ ಮಾಂಸಖಂಡವು ಕ್ಷಣಮಾತ್ರದಲ್ಲಿ ಬಿಗಿದುಕೊಂಡು ಭಾರವನ್ನೆತ್ತುವ ಬಲವನ್ನು ಪಡೆಯುವುದು ಹೇಗೆ? ಜೀವ ಹೋದ ಮೇಲೆ ಅದೇ ಮಾಂಸಖಂಡವು ಏಕೆ ನಿಶ್ಚಲವಾಗುತ್ತದೆ? ಸ್ನಾಯುವಿನಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಮತ್ತೆ ಸೇರಿಸಿ, ಗಾಜಿನ ತಟ್ಟೆಯಲ್ಲಿ ಚಲನೆಯನ್ನು ಹುಟ್ಟಿಸಲು ಸಾಧ್ಯವೇ?

ಈ ಪ್ರಶ್ನೆಗಳನ್ನು ಕೇಳಿದವರು ಹಲವರು. ಆದರೆ ಗಾಜಿನ ತಟ್ಟೆಯಲ್ಲಿ ಆ ಚಲನೆಯನ್ನು ನಿಜವಾಗಿ ಹುಟ್ಟಿಸಿ ತೋರಿಸಿದ ತಂಡದ ನಾಯಕರು ಹಂಗೆರಿ ದೇಶದ ಆಲ್ಬರ್ಟ್ ಸೆಂಟ್-ಜಾರ್ಜಿ. ಎರಡನೆಯ ಮಹಾಯುದ್ಧದ ಬೆಂಕಿಯು ಯೂರೋಪನ್ನು ಸುಡುತ್ತಿದ್ದ ದಿನಗಳಲ್ಲಿ, ಒಂದು ಸಣ್ಣ ನಗರದ ಪ್ರಯೋಗಶಾಲೆಯಲ್ಲಿ ಕುಳಿತು ಅವರೂ ಅವರ ಸಂಗಡಿಗರೂ ಈ ಸಾಧನೆಯನ್ನು ಮಾಡಿದರು.

ಸೆಂಟ್-ಜಾರ್ಜಿಯವರು 1893ರ ಸೆಪ್ಟೆಂಬರ್ 16ರಂದು ಹಂಗೆರಿಯ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ತಂದೆ ಜಮೀನುದಾರರು. ತಾಯಿಯ ಮನೆತನವು ವಿದ್ವಾಂಸರ ಮನೆತನ. ಸೋದರಮಾವನಾದ ಮಿಹಾಯ್ ಲೆನ್‌ಹೊಶೆಕ್ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞರಾಗಿದ್ದರು. ಇಂಥ ಕುಟುಂಬದಲ್ಲಿ ಹುಟ್ಟಿದರೂ ಬಾಲಕ ಆಲ್ಬರ್ಟನಿಗೆ ಪುಸ್ತಕಗಳೆಂದರೆ ಅಷ್ಟಕ್ಕಷ್ಟೆ. ಓದಿನಲ್ಲಿ ಅವನು ಬಹಳ ಹಿಂದೆ ಇದ್ದನು. ಮುಂದೆ ವಿಜ್ಞಾನಿಯಾಗಬೇಕೆಂಬ ತನ್ನ ಆಸೆಯನ್ನು ಅವನು ತಿಳಿಸಿದಾಗ, ಈ ಮಂದಬುದ್ಧಿಯ ಹುಡುಗನಿಗೆ ವಿಜ್ಞಾನವು ದಕ್ಕುವ ವಿಷಯವಲ್ಲವೆಂದು ಸೋದರಮಾವನೇ ವಿರೋಧಿಸಿದರು. ಆದರೆ ಶಾಲೆಯ ಕೊನೆಯ ವರ್ಷಗಳಲ್ಲಿ ಹುಡುಗನಿಗೆ ಹೇಗೋ ಓದಿನ ಹಸಿವು ಹುಟ್ಟಿತು. ಅವನು ಉತ್ತಮ ಅಂಕಗಳೊಡನೆ ತೇರ್ಗಡೆಯಾಗಿ 1911ರಲ್ಲಿ ವೈದ್ಯಕೀಯ ವಿದ್ಯಾಭ್ಯಾಸಕ್ಕೆ ಸೇರಿದನು. ಸೋದರಮಾವನ ಪ್ರಯೋಗಶಾಲೆಯಲ್ಲಿಯೇ ಸೂಕ್ಷ್ಮದರ್ಶಕದ ಕೆಲಸವನ್ನು ಕಲಿಯತೊಡಗಿದನು.

1914ರಲ್ಲಿ ಮೊದಲನೆಯ ಮಹಾಯುದ್ಧವು ಪ್ರಾರಂಭವಾಯಿತು. ವಿದ್ಯಾರ್ಥಿಯಾಗಿದ್ದ ಸೆಂಟ್-ಜಾರ್ಜಿಯವರು ಸೈನ್ಯದ ವೈದ್ಯಕೀಯ ದಳವನ್ನು ಸೇರಬೇಕಾಯಿತು. ಎರಡು ವರ್ಷಗಳ ಕಾಲ ಅವರು ಯುದ್ಧಭೂಮಿಯ ಭೀಕರತೆಯನ್ನು ಕಣ್ಣಾರೆ ಕಂಡರು. ಶೌರ್ಯಕ್ಕಾಗಿ ಪದಕವನ್ನೂ ಪಡೆದರು. ಆದರೆ ಸೋಲುವುದು ಖಚಿತವಾಗಿದ್ದ ಯುದ್ಧದಲ್ಲಿ ತರುಣರನ್ನು ವ್ಯರ್ಥವಾಗಿ ಬಲಿಕೊಡಲಾಗುತ್ತಿದೆ ಎಂಬ ಭಾವನೆ ದಿನದಿನಕ್ಕೆ ಬಲವಾಯಿತು. 1916ರಲ್ಲಿ ಅವರು ತಮ್ಮ ತೋಳಿಗೆ ತಾವೇ ಗುಂಡು ಹಾರಿಸಿಕೊಂಡು, ಶತ್ರುವಿನ ಗುಂಡು ತಗುಲಿತೆಂದು ಹೇಳಿ ಊರಿಗೆ ಮರಳಿದರು. ಈ ಕೃತ್ಯವನ್ನು ಮುಂದೆ ಅವರು ಮುಚ್ಚಿಡಲಿಲ್ಲ. ಅದು ಹೇಡಿತನವೋ ವಿವೇಕವೋ ಎಂದು ಜನರು ಭಿನ್ನವಾಗಿ ಯೋಚಿಸಬಹುದು. ಯುದ್ಧದ ಮೇಲೆ ಅಂದು ಹುಟ್ಟಿದ ಅಸಹ್ಯ ಮಾತ್ರ ಅವರನ್ನು ಜೀವನದ ಕೊನೆಯವರೆಗೂ ಬಿಡಲಿಲ್ಲ. ಗಾಯ ಮಾಯುತ್ತಿದ್ದಾಗ ವಿದ್ಯಾಭ್ಯಾಸವನ್ನು ಮುಂದುವರಿಸಿ 1917ರಲ್ಲಿ ಅವರು ವೈದ್ಯ ಪದವಿಯನ್ನು ಪಡೆದರು.

ಯುದ್ಧದಲ್ಲಿ ಹಂಗೆರಿ ಸೋತಿತು. ದೇಶದ ಬಹುಭಾಗ ಕೈಬಿಟ್ಟು ಹೋಯಿತು. ಯುವ ವಿಜ್ಞಾನಿಗೆ ತಾಯ್ನಾಡಿನಲ್ಲಿ ಕೆಲಸ ದೊರೆಯುವ ಸ್ಥಿತಿ ಇರಲಿಲ್ಲ. ಪ್ರಾಗ್, ಬರ್ಲಿನ್, ಹ್ಯಾಂಬರ್ಗ್, ಲೈಡನ್ ಎಂದು ಊರಿಂದ ಊರಿಗೆ ಅಲೆಯುತ್ತ, ಒಂದೊಂದು ಕಡೆ ಒಂದೊಂದು ವಿದ್ಯೆಯನ್ನು ಕಲಿಯುತ್ತ, ಕೊನೆಗೆ ಅವರು ಹಾಲೆಂಡಿನ ಗ್ರೋನಿಂಗೆನ್ ಪಟ್ಟಣಕ್ಕೆ ಬಂದರು. ಅಲ್ಲಿ ಅವರನ್ನು ಸೆಳೆದದ್ದು ಒಂದು ಸಾಮಾನ್ಯ ಸಂಗತಿ. ಬಾಳೆಹಣ್ಣನ್ನೋ ಸೇಬನ್ನೋ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದರ ಮೈ ಕಂದುಬಣ್ಣಕ್ಕೆ ತಿರುಗುತ್ತದೆ. ನಿಂಬೆ ಕಿತ್ತಳೆಗಳು ಹಾಗಾಗುವುದಿಲ್ಲ. ಎಲ್ಲರ ಮನೆಯ ಅಡುಗೆಯಲ್ಲಿಯೂ ಕಾಣುವ ಈ ವ್ಯತ್ಯಾಸಕ್ಕೆ ಕಾರಣವೇನೆಂದು ಅವರು ಹುಡುಕಿದರು. ಕಂದುಬಣ್ಣವನ್ನು ತಡೆಯುವ ಒಂದು ವಸ್ತು ಕೆಲವು ಸಸ್ಯಗಳಲ್ಲಿಯೂ, ಪ್ರಾಣಿಗಳ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿಯೂ ಇದೆಯೆಂಬುದು ಅವರಿಗೆ ಗೋಚರವಾಯಿತು.

ಇಷ್ಟರಲ್ಲಿ ಅವರಿಗೆ ಆಶ್ರಯ ನೀಡಿದ್ದ ಪ್ರಾಧ್ಯಾಪಕರು ತೀರಿಕೊಂಡರು. ಹೊಸದಾಗಿ ಬಂದವರಿಗೆ ಈ ಕೆಲಸದಲ್ಲಿ ಆಸಕ್ತಿಯಿರಲಿಲ್ಲ. ಕೈಯಲ್ಲಿ ಹಣವಿಲ್ಲದೆ, ಮಡದಿಯನ್ನೂ ಮಗಳನ್ನೂ ಊರಿಗೆ ಕಳುಹಿಸಿ, ವಿಜ್ಞಾನದ ಬಾಗಿಲು ತಮಗೆ ಮುಚ್ಚಿತೆಂದೇ ಅವರು ಭಾವಿಸಿದರು. ಕೊನೆಯ ಬಾರಿಗೆ ಎಂಬಂತೆ 1926ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ನಡೆದ ಶರೀರಶಾಸ್ತ್ರ ಸಮ್ಮೇಳನಕ್ಕೆ ಹೋದರು. ಅಲ್ಲಿ ಬ್ರಿಟನ್ನಿನ ಹಿರಿಯ ವಿಜ್ಞಾನಿ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಭಾಷಣ ಮಾಡುತ್ತ, ಯಾರೂ ಅರಿಯದ ಈ ಹಂಗೆರಿಯ ತರುಣನ ಲೇಖನವನ್ನು ಪ್ರಸ್ತಾಪಿಸಿದರು. ಸಭೆಯಲ್ಲಿ ಕುಳಿತಿದ್ದ ಸೆಂಟ್-ಜಾರ್ಜಿಯವರಿಗೆ ತಮ್ಮ ಕಿವಿಗಳನ್ನೇ ನಂಬಲಾಗಲಿಲ್ಲ. ಭಾಷಣ ಮುಗಿದೊಡನೆ ಅವರು ಹಾಪ್ಕಿನ್ಸರನ್ನು ಕಂಡರು. ಹಾಪ್ಕಿನ್ಸರು ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡು ವಿದ್ಯಾರ್ಥಿವೇತನದ ಏರ್ಪಾಡನ್ನೂ ಮಾಡಿದರು. ಹಿರಿಯರ ಒಂದು ಮೆಚ್ಚುಗೆಯ ಮಾತು ಹೀಗೆ ಒಬ್ಬ ವಿಜ್ಞಾನಿಯನ್ನು ಉಳಿಸಿತು.

ಕೇಂಬ್ರಿಜ್‌ನಲ್ಲಿ ಅವರು ಆ ನಿಗೂಢ ವಸ್ತುವನ್ನು ಶುದ್ಧ ಹರಳುಗಳ ರೂಪದಲ್ಲಿ ಬೇರ್ಪಡಿಸಿದರು. ಅದು ಸಕ್ಕರೆಯನ್ನು ಹೋಲುವ ವಸ್ತುವೆಂದು ತಿಳಿದಿತ್ತೇ ಹೊರತು ಅದರ ರಚನೆ ಗೊತ್ತಿರಲಿಲ್ಲ. ಸಕ್ಕರೆಗಳ ಹೆಸರುಗಳು 'ಓಸ್' ಎಂಬ ಅಕ್ಷರಗಳಿಂದ ಕೊನೆಗೊಳ್ಳುವುದು ರೂಢಿ. ವಿನೋದಪ್ರಿಯರಾದ ಸೆಂಟ್-ಜಾರ್ಜಿಯವರು, ತಮಗೆ ತಿಳಿಯದು ಎಂಬರ್ಥ ಬರುವಂತೆ 'ಇಗ್ನೋಸ್' ಎಂಬ ಹೆಸರನ್ನು ಸೂಚಿಸಿದರು. ಪತ್ರಿಕೆಯ ಸಂಪಾದಕರು ಒಪ್ಪದಿದ್ದಾಗ, ದೇವರಿಗೇ ಗೊತ್ತು ಎಂಬರ್ಥದ 'ಗಾಡ್‌ನೋಸ್' ಎಂಬ ಇನ್ನೊಂದು ಹೆಸರನ್ನು ಕಳುಹಿಸಿದರು. ಸಂಪಾದಕರು ಅದನ್ನೂ ತಳ್ಳಿಹಾಕಿದ್ದರಿಂದ ಕೊನೆಗೆ 'ಹೆಕ್ಸುರಾನಿಕ್ ಆಮ್ಲ' ಎಂಬ ಗಂಭೀರ ಹೆಸರು ಉಳಿಯಿತು.

ಬಳಿಕ ಅವರು ಹಂಗೆರಿಗೆ ಹಿಂದಿರುಗಿ ಸೆಗೆಡ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಗೆ ಅಮೆರಿಕದಿಂದ ಬಂದ ಸ್ವಿರ್ಬೆಲಿ ಎಂಬ ತರುಣ ರಸಾಯನಶಾಸ್ತ್ರಜ್ಞರ ನೆರವಿನಿಂದ ಈ ಆಮ್ಲವನ್ನು ಗಿನಿಯಿಲಿಗಳ ಮೇಲೆ ಪರೀಕ್ಷಿಸಲಾಯಿತು. ಹಸಿರು ತರಕಾರಿಯಿಲ್ಲದ ಆಹಾರವನ್ನು ತಿಂದ ಇಲಿಗಳು ಸ್ಕರ್ವಿ ರೋಗದಿಂದ ಸತ್ತವು. ಅದೇ ಆಹಾರದ ಜೊತೆಗೆ ದಿನಕ್ಕೆ ಕೇವಲ 1 ಮಿಲಿಗ್ರಾಂ ಆಮ್ಲವನ್ನು ಪಡೆದವು ಆರೋಗ್ಯವಾಗಿ ಬದುಕಿದವು. ಜಗತ್ತು ಹುಡುಕುತ್ತಿದ್ದ 'ಸಿ' ಜೀವಸತ್ವವು ಇದೇ ಎಂದು 1932ರಲ್ಲಿ ಸಿದ್ಧವಾಯಿತು. ಅಮೆರಿಕದ ಚಾರ್ಲ್ಸ್ ಕಿಂಗ್ ಅವರೂ ಅದೇ ಕಾಲದಲ್ಲಿ ಇದೇ ತೀರ್ಮಾನಕ್ಕೆ ಬಂದಿದ್ದರು. ಆದರೆ ಮುಂದಿನ ಸಂಶೋಧನೆಗೆ ಸಾಕಷ್ಟು ಜೀವಸತ್ವವು ಎಲ್ಲಿಯೂ ಇರಲಿಲ್ಲ. ಒಂದು ಸಂಜೆ ಮನೆಯಲ್ಲಿ ಊಟಕ್ಕೆ ದಪ್ಪ ಕೆಂಪು ಮೆಣಸಿನಕಾಯಿಯನ್ನು ಬಡಿಸಿದ್ದರು. ಅದನ್ನು ತಿನ್ನಲು ಮನಸ್ಸಿಲ್ಲದ ಸೆಂಟ್-ಜಾರ್ಜಿಯವರು, ಇದನ್ನೊಮ್ಮೆ ಪರೀಕ್ಷಿಸಬಾರದೇಕೆ ಎಂದುಕೊಂಡು ಪ್ರಯೋಗಶಾಲೆಗೆ ಕೊಂಡೊಯ್ದರು. ನಡುರಾತ್ರಿಯ ಹೊತ್ತಿಗೆ ಅದು 'ಸಿ' ಜೀವಸತ್ವದ ಗಣಿಯೆಂಬುದು ತಿಳಿಯಿತು. ಸೆಗೆಡ್ ಸುತ್ತಿನ ಹೊಲಗಳಲ್ಲಿ ಈ ಮೆಣಸಿನಕಾಯಿ ಯಥೇಚ್ಛವಾಗಿ ಬೆಳೆಯುತ್ತಿತ್ತು! ಗ್ರಾಂ ಲೆಕ್ಕದಲ್ಲಿದ್ದ ಜೀವಸತ್ವವು ಕೆಲವೇ ವಾರಗಳಲ್ಲಿ ಕಿಲೋಗ್ರಾಂ ಲೆಕ್ಕಕ್ಕೆ ಏರಿತು. ಅದನ್ನು ಅವರು ಬಚ್ಚಿಡದೆ ಬೇರೆ ದೇಶಗಳ ಸಂಶೋಧಕರಿಗೂ ಹಂಚಿದರು. ಜೀವಕೋಶದ ಉಸಿರಾಟ ಮತ್ತು 'ಸಿ' ಜೀವಸತ್ವಗಳ ಬಗೆಗಿನ ಈ ಸಂಶೋಧನೆಗಾಗಿ 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಲಭಿಸಿತು.

ಇಂಥ ಕೀರ್ತಿ ಬಂದ ಮೇಲೆ ಅನೇಕರು ಅದೇ ವಿಷಯವನ್ನು ಬೆಳೆಸುತ್ತ ನೆಮ್ಮದಿಯಿಂದ ಇರುತ್ತಾರೆ. ಸೆಂಟ್-ಜಾರ್ಜಿಯವರು ಹಾಗೆ ಮಾಡಲಿಲ್ಲ. ಜೀವವೆಂದರೇನು ಎಂಬ ಪ್ರಶ್ನೆಯು ಅವರನ್ನು ಕಾಡುತ್ತಿತ್ತು. ಜೀವದ ಅತ್ಯಂತ ಸ್ಪಷ್ಟವಾದ ಗುರುತು ಚಲನೆ. ಚಲನೆಯನ್ನು ಅಳೆಯಬಹುದು, ಕಣ್ಣಿನಿಂದ ನೋಡಬಹುದು. ಆದುದರಿಂದ ಸ್ನಾಯುವನ್ನು ಅರಿತರೆ ಜೀವದ ಒಂದು ಬಾಗಿಲಾದರೂ ತೆರೆದೀತು ಎಂದು ಅವರು ತರ್ಕಿಸಿದರು. ಹೀಗೆ ನಲವತ್ತೈದು ದಾಟಿದ ವಯಸ್ಸಿನಲ್ಲಿ, ತಾವು ಅಷ್ಟಾಗಿ ಅರಿಯದ ಕ್ಷೇತ್ರಕ್ಕೆ ಹೊಸ ವಿದ್ಯಾರ್ಥಿಯಂತೆ ಕಾಲಿಟ್ಟರು.

ಆಗ ಸ್ನಾಯುವಿನ ಬಗ್ಗೆ ತಿಳಿದಿದ್ದುದು ಸ್ವಲ್ಪ. ಸ್ನಾಯುವನ್ನು ಅರೆದು ಉಪ್ಪುನೀರಿನಲ್ಲಿ ನೆನೆಸಿದರೆ ಮಯೋಸಿನ್ ಎಂಬ ಪ್ರೋಟೀನು ಹೊರಬರುತ್ತದೆಂದು ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತಿತ್ತು. ಎ.ಟಿ.ಪಿ. ಎಂಬ ರಂಜಕಯುಕ್ತ ಸಂಯುಕ್ತವನ್ನು 1929ರಲ್ಲಿ ಜರ್ಮನಿಯ ಲೋಮನ್ ಅವರೂ, ಅದೇ ಕಾಲದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಫಿಸ್ಕ್ ಮತ್ತು ನಮ್ಮ ದೇಶದವರೇ ಆದ ಎಲ್ಲಾಪ್ರಗಡ ಸುಬ್ಬರಾವ್ ಅವರೂ ಸ್ನಾಯುವಿನಲ್ಲಿ ಕಂಡುಹಿಡಿದಿದ್ದರು. ಈ ಸಂಯುಕ್ತದ ಒಂದು ಅಣುವಿನಲ್ಲಿ ಮೂರು ಫಾಸ್ಫೇಟ್ ಗುಂಪುಗಳು ಸಾಲಾಗಿ ಜೋಡಿಸಿಕೊಂಡಿವೆ. ತುದಿಯ ಗುಂಪು ಬೇರ್ಪಟ್ಟಾಗ ಶಕ್ತಿಯು ಬಿಡುಗಡೆಯಾಗುತ್ತದೆ. ಮಯೋಸಿನ್ ಈ ಎ.ಟಿ.ಪಿ.ಯನ್ನು ಒಡೆಯಬಲ್ಲದೆಂದು 1939ರಲ್ಲಿ ರಷ್ಯಾದ ಎಂಗೆಲ್‌ಹಾರ್ಟ್ ಮತ್ತು ಲ್ಯುಬಿಮೋವಾ ತೋರಿಸಿಕೊಟ್ಟರು. ಕಟ್ಟಿಗೆಯೂ ಒಲೆಯೂ ಸಿಕ್ಕಿದ್ದವು. ಆದರೆ ಆ ಶಕ್ತಿಯು ಚಲನೆಯಾಗಿ ಮಾರ್ಪಡುವುದು ಹೇಗೆಂಬುದು ಯಾರಿಗೂ ತಿಳಿದಿರಲಿಲ್ಲ.

ಸೆಗೆಡ್‌ನ ಪ್ರಯೋಗಶಾಲೆಯಲ್ಲಿ ಸೆಂಟ್-ಜಾರ್ಜಿಯವರೂ ಅವರ ಸಹೋದ್ಯೋಗಿ ಇಲೋನಾ ಬಂಗಾ ಎಂಬ ಮಹಿಳೆಯೂ ಮೊಲದ ಸ್ನಾಯುವನ್ನು ಅರೆದು ಉಪ್ಪಿನ ದ್ರಾವಣದಲ್ಲಿ ನೆನೆಸಿದರು. ಇಪ್ಪತ್ತು ನಿಮಿಷ ನೆನೆಸಿ ಸೋಸಿದಾಗ ದೊರೆತ ದ್ರಾವಣವು ತೆಳುವಾಗಿತ್ತು. ಒಮ್ಮೆ ಅರೆದ ಸ್ನಾಯುವು ರಾತ್ರಿಯಿಡೀ ದ್ರಾವಣದಲ್ಲಿಯೇ ಉಳಿಯಿತು. ಬೆಳಿಗ್ಗೆ ಬಂದು ನೋಡಿದರೆ ದ್ರಾವಣವು ಗಂಜಿಯಂತೆ ಮಂದವಾಗಿತ್ತು. ಕೆಟ್ಟುಹೋಯಿತೆಂದು ಚೆಲ್ಲಿಬಿಡುವುದು ಸುಲಭವಾಗಿತ್ತು. ಅವರು ಚೆಲ್ಲಲಿಲ್ಲ. ಒಂದೇ ವಸ್ತುವು ಒಮ್ಮೆ ತೆಳುವಾಗಿಯೂ ಒಮ್ಮೆ ಮಂದವಾಗಿಯೂ ಇರುವುದೇಕೆಂದು ಕೇಳಿಕೊಂಡರು. ತೆಳುವಾದುದನ್ನು 'ಎ' ಮಯೋಸಿನ್ ಎಂದೂ, ಮಂದವಾದುದನ್ನು 'ಬಿ' ಮಯೋಸಿನ್ ಎಂದೂ ಕರೆದರು. ಮಂದವಾದ ದ್ರಾವಣಕ್ಕೆ ಸ್ವಲ್ಪ ಎ.ಟಿ.ಪಿ. ಬೆರೆಸಿದೊಡನೆ ಅದು ತೆಳುವಾಯಿತು. ತೆಳುವಾದುದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ.

ಮುಂದಿನ ಪ್ರಯೋಗವು ಇನ್ನೂ ಸರಳ. ಮಂದವಾದ 'ಬಿ' ದ್ರಾವಣವನ್ನು ಕೂದಲಿನಂಥ ಸಣ್ಣ ಕೊಳವೆಯ ಮೂಲಕ ನೀರಿಗೆ ಬಿಟ್ಟರೆ ಅದು ಎಳೆಯಾಗಿ ಹೆಪ್ಪುಗಟ್ಟುತ್ತಿತ್ತು. ಅಂಥ ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ಮೇಲೆ ಸ್ನಾಯುವನ್ನು ಕುದಿಸಿ ತೆಗೆದ ರಸವನ್ನು ಹಾಕಲಾಯಿತು. ಎಳೆಯು ಕಣ್ಣೆದುರಿನಲ್ಲಿಯೇ ಸಂಕುಚಿತವಾಯಿತು! ಆ ರಸದಲ್ಲಿದ್ದ ಅನೇಕ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಈ ಕೆಲಸವನ್ನು ಮಾಡಿದುದು ಎ.ಟಿ.ಪಿ.ಯೂ ಅದರ ಜೊತೆಗಿದ್ದ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳೂ ಎಂದು ಖಚಿತವಾಯಿತು. ಪ್ರಾಣವಿಲ್ಲದ, ನರಗಳಿಲ್ಲದ, ಬರಿಯ ಪ್ರೋಟೀನಿನ ಎಳೆಯೊಂದು ಜೀವಂತ ಸ್ನಾಯುವಿನಂತೆ ಚಲಿಸಿದುದನ್ನು ಮನುಷ್ಯನು ಹೀಗೆ ನೋಡಿದನು. ನೊಬೆಲ್ ಪಾರಿತೋಷಕದ ದಿನಕ್ಕಿಂತಲೂ ಈ ಎಳೆ ಚಲಿಸಿದ ಕ್ಷಣವನ್ನೇ ಸೆಂಟ್-ಜಾರ್ಜಿಯವರು ತಮ್ಮ ವೈಜ್ಞಾನಿಕ ಜೀವನದ ಅತ್ಯಂತ ರೋಮಾಂಚಕ ಕ್ಷಣವೆಂದು ಮುಂದೆ ನೆನೆಯುತ್ತಿದ್ದರು.

ಆದರೆ 'ಎ' ದ್ರಾವಣದ ಎಳೆಗಳು ಮಾತ್ರ ಚಲಿಸುತ್ತಿರಲಿಲ್ಲ. ಹಾಗಾದರೆ 'ಬಿ'ಯಲ್ಲಿ ಬೇರೇನೋ ಸೇರಿರಬೇಕು. ಅದನ್ನು ಹುಡುಕುವ ಹೊಣೆಯನ್ನು ಹೊತ್ತವರು ಬ್ರೂನೋ ಸ್ಟ್ರಾಬ್ ಎಂಬ ತರುಣ ವಿಜ್ಞಾನಿ. ಮೊದಲು ಸ್ನಾಯುವಿನಿಂದ ಮಯೋಸಿನನ್ನು ತೆಗೆದು, ಉಳಿದ ಚರಟವನ್ನು ಅಸಿಟೋನಿನಿಂದ ಒಣಗಿಸಿ, ಅದನ್ನು ನೀರಿನಲ್ಲಿ ನೆನೆಸಿದಾಗ ಹೊಸದೊಂದು ಪ್ರೋಟೀನು ದೊರೆಯಿತು. ಅದನ್ನು 'ಎ' ಮಯೋಸಿನ್‌ಗೆ ಬೆರೆಸಿದರೆ ಅದು ಮಂದವಾಗಿ 'ಬಿ'ಯಾಗುತ್ತಿತ್ತು. ಎ.ಟಿ.ಪಿ. ಹಾಕಿದರೆ ಚಲಿಸುತ್ತಿತ್ತು. ಮಯೋಸಿನನ್ನು ಕ್ರಿಯೆಗೆ ಎಬ್ಬಿಸುವ ಈ ಪ್ರೋಟೀನಿಗೆ ಆಕ್ಟಿನ್ ಎಂದು ಹೆಸರಾಯಿತು. ಅದಕ್ಕೆ ಇನ್ನೊಂದು ವಿಚಿತ್ರ ಗುಣವೂ ಇತ್ತು. ಶುದ್ಧ ನೀರಿನಲ್ಲಿ ಅದು ಬಿಡಿಬಿಡಿಯಾದ ಗುಂಡು ಕಣಗಳಾಗಿರುತ್ತದೆ. ಸ್ವಲ್ಪ ಉಪ್ಪನ್ನು ಸೇರಿಸಿದರೆ ಆ ಕಣಗಳು ಪೋಣಿಸಿದ ಮಣಿಗಳಂತೆ ಒಂದಕ್ಕೊಂದು ಕೂಡಿ ಉದ್ದನೆಯ ಎಳೆಗಳಾಗುತ್ತವೆ. ಈ ಶೋಧವು 1942ರಲ್ಲಿ ಸೆಗೆಡ್‌ನ ಸಂಶೋಧನ ಸಂಪುಟದಲ್ಲಿ ಪ್ರಕಟವಾಯಿತು. ಪ್ರಬಂಧಕ್ಕೆ ಸ್ಟ್ರಾಬ್ ಅವರ ಹೆಸರು ಮಾತ್ರವಿತ್ತು. ಗುರುವಾದ ಸೆಂಟ್-ಜಾರ್ಜಿಯವರು ತಮ್ಮ ಹೆಸರನ್ನು ಅದಕ್ಕೆ ಸೇರಿಸಲಿಲ್ಲ.

ಹೊರಗೆ ಯುದ್ಧವು ಭೀಕರವಾಗುತ್ತಿತ್ತು. ಹಂಗೆರಿಯು ಜರ್ಮನಿಯ ಪಕ್ಷದಲ್ಲಿತ್ತು. ಹಿಟ್ಲರನ ನೀತಿಯನ್ನು ದ್ವೇಷಿಸುತ್ತಿದ್ದ ಸೆಂಟ್-ಜಾರ್ಜಿಯವರು ಯೆಹೂದಿ ಸ್ನೇಹಿತರಿಗೆ ನೆರವಾಗುತ್ತಿದ್ದರು. 1943ರಲ್ಲಿ, ವೈಜ್ಞಾನಿಕ ಉಪನ್ಯಾಸದ ನೆಪದಲ್ಲಿ ಅವರು ಟರ್ಕಿಯ ಇಸ್ತಾಂಬುಲ್ ನಗರಕ್ಕೆ ಹೋದರು. ಹಂಗೆರಿಯ ಪ್ರಧಾನಮಂತ್ರಿ ಕಾಲ್ಲಾಯ್ ಅವರಿಗೆ ಈ ವಿಷಯ ತಿಳಿದಿತ್ತು. ದೇಶವನ್ನು ಜರ್ಮನಿಯ ಹಿಡಿತದಿಂದ ಬಿಡಿಸುವ ಉಪಾಯವಾಗಿ ಬ್ರಿಟಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸುವುದು ಅವರ ಉದ್ದೇಶವಾಗಿತ್ತು. ರಾಜತಂತ್ರದ ಅನುಭವವಿಲ್ಲದ ವಿಜ್ಞಾನಿಯ ಈ ಸಾಹಸವು ಫಲಿಸಲಿಲ್ಲ. ಸುದ್ದಿಯು ಜರ್ಮನರ ಕಿವಿಗೆ ಬಿತ್ತು. ಹಿಟ್ಲರನ ಕೋಪವು ಅವರ ಮೇಲೆ ತಿರುಗಿತು. ಮೊದಲು ಗೃಹಬಂಧನವಾಯಿತು. 1944ರ ಮಾರ್ಚಿಯಲ್ಲಿ ಜರ್ಮನ್ ಸೈನ್ಯವು ಹಂಗೆರಿಯನ್ನು ಆಕ್ರಮಿಸಿಕೊಂಡಾಗ ಅವರು ತಲೆಮರೆಸಿಕೊಂಡರು. ಸ್ವೀಡನ್ನಿನ ರಾಯಭಾರ ಕಚೇರಿಯು ಸ್ವಲ್ಪ ಕಾಲ ಅವರಿಗೆ ಆಶ್ರಯ ನೀಡಿತು. ಮುಂದೆ ರಹಸ್ಯ ಪೊಲೀಸರ ಕಣ್ಣು ತಪ್ಪಿಸಲು ಅಡಗುದಾಣವನ್ನು ಮತ್ತೆ ಮತ್ತೆ ಬದಲಿಸುತ್ತ ಯುದ್ಧ ಮುಗಿಯುವವರೆಗೆ ಜೀವವನ್ನು ಉಳಿಸಿಕೊಂಡರು.

ಸ್ನಾಯುವಿನ ಬಗೆಗಿನ ಶೋಧಗಳು ಅದುವರೆಗೆ ಹೊರಜಗತ್ತಿಗೆ ಸರಿಯಾಗಿ ತಲುಪಿರಲಿಲ್ಲ. ಯುದ್ಧದಲ್ಲಿ ತಾವೂ ತಮ್ಮ ಕಾಗದಪತ್ರಗಳೂ ನಾಶವಾದರೆ ಮನುಷ್ಯನಿಗೆ ದೊರೆತ ಒಂದು ತಿಳಿವು ಮತ್ತೆ ಕತ್ತಲೆಗೆ ಸೇರಿಬಿಡುತ್ತಿತ್ತು. ಅದೃಷ್ಟವಶಾತ್ ಆ ಶೋಧಗಳ ಸಾರಾಂಶವು ಸ್ವೀಡನ್ನಿಗೆ ತಲುಪಿ 1945ರಲ್ಲಿ ಅಲ್ಲಿ ಅಚ್ಚಾಯಿತು. ಆಗ ಜಗತ್ತಿನ ವಿಜ್ಞಾನಿಗಳು, ಬಾಂಬುಗಳ ನಡುವೆ ಇಂಥ ಕೆಲಸ ನಡೆದಿತ್ತೇ ಎಂದು ಬೆರಗಾದರು.

ಯುದ್ಧಾನಂತರ ಸೆಂಟ್-ಜಾರ್ಜಿಯವರು ಬುಡಾಪೆಸ್ಟ್‌ನಲ್ಲಿ ಪ್ರಾಧ್ಯಾಪಕರಾಗಿ, ಸಂಸತ್ತಿನ ಸದಸ್ಯರೂ ಆಗಿ, ಮುರಿದುಬಿದ್ದ ದೇಶದ ವಿದ್ಯಾಸಂಸ್ಥೆಗಳನ್ನು ಕಟ್ಟಲು ಶ್ರಮಿಸಿದರು. ಆದರೆ ಹೊಸ ಆಡಳಿತದಲ್ಲಿಯೂ ಸ್ವಾತಂತ್ರ್ಯವು ಕ್ಷೀಣಿಸುತ್ತಿದೆಯೆಂದು ಕಂಡು 1947ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಅಟ್ಲಾಂಟಿಕ್ ಸಾಗರದ ದಡದಲ್ಲಿರುವ ವುಡ್ಸ್ ಹೋಲ್ ಎಂಬ ಸಣ್ಣ ಊರಿನ ಕಡಲಜೀವಿ ಪ್ರಯೋಗಶಾಲೆಯು ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿ ಅವರು ಮೊಲದ ಸ್ನಾಯುವಿನ ನಾರುಗಳನ್ನು ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ಅದ್ದಿ ಶೀತದಲ್ಲಿ ಇಟ್ಟರು. ಬಹುಕಾಲದ ನಂತರ ತೆಗೆದು ಎ.ಟಿ.ಪಿ. ಹಾಕಿದರೂ ಆ ನಾರುಗಳು ಜೀವಂತ ಸ್ನಾಯುವಿನಷ್ಟೇ ಬಲದಿಂದ ಸೆಳೆದುಕೊಂಡವು. 1949ರಲ್ಲಿ ಪ್ರಕಟವಾದ ಈ ವಿಧಾನವನ್ನು ಮುಂದೆ ಅನೇಕ ದೇಶಗಳ ಸಂಶೋಧಕರು ಬಳಸಿದರು. ಸ್ನಾಯುಗಳ ಬಗೆಗಿನ ಕಾರ್ಯಕ್ಕಾಗಿ 1954ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿಯು ದೊರೆಯಿತು. ಎಳೆಗಳು ತಾವೇ ಮುದುಡುವುದರಿಂದ ಸ್ನಾಯುವು ಗಿಡ್ಡವಾಗುತ್ತದೆಂಬುದು ಆಗಿನ ಹಲವರ ಊಹೆಯಾಗಿತ್ತು. ಅದೇ ವರ್ಷ ಬ್ರಿಟಿಷ್ ವಿಜ್ಞಾನಿಗಳಾದ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರೂ, ಪ್ರತ್ಯೇಕವಾಗಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಅವರೂ ಆ ಊಹೆಯನ್ನು ತಿದ್ದಿದರು. ಆಕ್ಟಿನ್ ಎಳೆಗಳು ಮತ್ತು ಮಯೋಸಿನ್ ಎಳೆಗಳು ಒಂದರ ಪಕ್ಕದಲ್ಲಿ ಒಂದು ಜಾರುತ್ತವೆಯೆಂದು ಅವರು ತೋರಿಸಿದರು.

ಸೆಂಟ್-ಜಾರ್ಜಿಯವರ ಮುಂದಿನ ಬದುಕು ಸುಖದ್ದಾಗಿರಲಿಲ್ಲ. ಮಡದಿಯನ್ನೂ ಒಬ್ಬಳೇ ಮಗಳನ್ನೂ ಕ್ಯಾನ್ಸರ್ ರೋಗವು ಬಲಿ ತೆಗೆದುಕೊಂಡಿತು. ಮುಪ್ಪಿನಲ್ಲಿ ಅವರು ಆ ರೋಗದ ಮೂಲವನ್ನು ಅಣುಗಳಿಗಿಂತಲೂ ಚಿಕ್ಕದಾದ ಎಲೆಕ್ಟ್ರಾನುಗಳಲ್ಲಿ ಹುಡುಕಿದರು. ಆ ಸಿದ್ಧಾಂತವನ್ನು ವಿಜ್ಞಾನಲೋಕವು ಒಪ್ಪಲಿಲ್ಲ. ಜೀವಿಯಿಂದ ಅಂಗಕ್ಕೆ, ಅಂಗದಿಂದ ಪ್ರೋಟೀನಿಗೆ, ಅಲ್ಲಿಂದ ಎಲೆಕ್ಟ್ರಾನಿಗೆ ಇಳಿಯುತ್ತ ಹೋದಂತೆ ತಾವು ಅರಸುತ್ತಿದ್ದ ಜೀವವೇ ಬೆರಳ ಸಂದಿಯಿಂದ ಜಾರಿಹೋಯಿತೆಂದು ಅವರೇ ಒಪ್ಪಿಕೊಂಡಿದ್ದರು. ಬಿಡಿಸಿದುದನ್ನು ಮತ್ತೆ ಜೋಡಿಸಿ ನೋಡಿದಾಗಲೇ ಅರಿವು ಪೂರ್ಣವಾಗುತ್ತದೆಂಬುದು ಅವರ ಜೀವನವು ಕಲಿಸಿದ ಪಾಠ. ಯುದ್ಧದ ವಿರುದ್ಧವೂ ಅಣ್ವಸ್ತ್ರಗಳ ವಿರುದ್ಧವೂ ಅವರು ಕೊನೆಯವರೆಗೆ ಬರೆದರು, ಮಾತನಾಡಿದರು. 1986ರ ಅಕ್ಟೋಬರ್ 22ರಂದು ತಮ್ಮ 93ನೆಯ ವಯಸ್ಸಿನಲ್ಲಿ ವುಡ್ಸ್ ಹೋಲ್‌ನಲ್ಲಿಯೇ ನಿಧನರಾದರು. ಅವರು ದುಡಿದ ಸೆಗೆಡ್‌ನ ವೈದ್ಯಕೀಯ ವಿದ್ಯಾಲಯಕ್ಕೆ ಇಂದು ಅವರ ಹೆಸರಿದೆ.

ಆಕ್ಟಿನ್‌ನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದು ಸ್ನಾಯುವಿಗೆ ಮಾತ್ರ ಸೇರಿದುದೆಂದು ಮೊದಲು ತಿಳಿಯಲಾಗಿತ್ತು. 1966ರಲ್ಲಿ ಜಪಾನಿನ ಹತಾನೊ ಮತ್ತು ಓಸಾವಾ ಎಂಬುವರು ಸ್ನಾಯುವೇ ಇಲ್ಲದ, ಲೋಳೆಯಂಥ ಒಂದು ಕ್ಷುದ್ರಜೀವಿಯಿಂದಲೂ ಅದನ್ನು ಬೇರ್ಪಡಿಸಿದರು. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಆಕ್ಟಿನ್ ಎಳೆಗಳ ಹಂದರವಿದೆ. ಕೋಶಕ್ಕೆ ಆಕಾರವನ್ನು ಕೊಡುವುದು ಆ ಹಂದರ. ರೋಗಾಣುವನ್ನು ಅಟ್ಟಿಸಿಕೊಂಡು ಹೋಗುವ ಬಿಳಿಯ ರಕ್ತಕಣಕ್ಕೂ, ಗಾಯವನ್ನು ಮುಚ್ಚಲು ತೆವಳುವ ಚರ್ಮದ ಕೋಶಕ್ಕೂ ಚಲನೆಯನ್ನು ಕೊಡುವುದು ಅದೇ. ಮನೆಯ ಹಂದರದಂತೆ ಅದು ಸ್ಥಿರವಲ್ಲ. ಕೋಶವು ಮುಂದೆ ಸರಿಯುವಾಗ ಒಂದು ಕಡೆ ಎಳೆಗಳು ಬೆಳೆಯುತ್ತವೆ, ಇನ್ನೊಂದು ಕಡೆ ಕತ್ತರಿಸಿ ಬೀಳುತ್ತವೆ.

ಹಾಗಾದರೆ ಎಳೆಗಳಿಗೆ ಬೆಳೆಯಿರಿ, ನಿಲ್ಲಿರಿ ಎಂಬ ಆಜ್ಞೆಯನ್ನು ಕೊಡುವವರು ಯಾರು? ಇದಕ್ಕೆ ಉತ್ತರವು ಕೈನೇಸ್ ಎಂಬ ಕಿಣ್ವಗಳಲ್ಲಿ ದೊರೆಯಿತು. ಸೆಂಟ್-ಜಾರ್ಜಿಯವರ ಎಳೆಯನ್ನು ಚಲಿಸುವಂತೆ ಮಾಡಿದ ಅದೇ ಎ.ಟಿ.ಪಿ.ಯಿಂದ ಕೈನೇಸ್ ಒಂದು ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುತ್ತದೆ. ಕಚೇರಿಯ ಕಾಗದಕ್ಕೆ ಮೊಹರು ಬಿದ್ದಂತೆ, ಫಾಸ್ಫೇಟ್ ಬಿದ್ದ ಪ್ರೋಟೀನಿನ ನಡತೆಯು ಬದಲಾಗುತ್ತದೆ. ಕೆಲವು ಕೆಲಸಕ್ಕೆ ತೊಡಗುತ್ತವೆ, ಕೆಲವು ಕೆಲಸವನ್ನು ನಿಲ್ಲಿಸುತ್ತವೆ. ಈ ತತ್ತ್ವವನ್ನು 1955ರಲ್ಲಿ ಅಮೆರಿಕದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಕಂಡುಹಿಡಿದದ್ದೂ ಸ್ನಾಯುವಿನಲ್ಲಿಯೇ. ಅದಕ್ಕಾಗಿ ಅವರಿಗೆ 1992ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಕೋಫಿಲಿನ್ ಎಂಬ ಪ್ರೋಟೀನು ಆಕ್ಟಿನ್ ಎಳೆಗಳನ್ನು ಕತ್ತರಿಸುತ್ತದೆ. 1998ರಲ್ಲಿ ಸಂಶೋಧಕರು, ಲಿಮ್-ಕೈನೇಸ್ ಎಂಬ ಕಿಣ್ವವು ಕೋಫಿಲಿನ್‌ಗೆ ಫಾಸ್ಫೇಟಿನ ಮೊಹರನ್ನು ಹಾಕಿ ಅದರ ಕತ್ತರಿಯನ್ನು ಕಟ್ಟಿಹಾಕುತ್ತದೆಂದು ತೋರಿಸಿದರು. 1999ರಲ್ಲಿ ಜಪಾನಿನ ವಿಜ್ಞಾನಿಗಳು, ಲಿಮ್-ಕೈನೇಸನ್ನು ಎಚ್ಚರಿಸುವುದು ರೋ-ಕೈನೇಸ್ ಎಂಬ ಇನ್ನೊಂದು ಕಿಣ್ವವೆಂದು ಕಂಡುಕೊಂಡರು. ರೋ-ಕೈನೇಸನ್ನು ಎಚ್ಚರಿಸುವುದು ರೋ ಎಂಬ ಪ್ರೋಟೀನು. ಕೋಶದ ಹೊರಗಿನಿಂದ ಬಂದ ಸಂದೇಶವು ಹೀಗೆ ಕೈಯಿಂದ ಕೈಗೆ ದಾಟುತ್ತ ಆಕ್ಟಿನ್‌ವರೆಗೆ ತಲುಪುತ್ತದೆ. ಈ ದಾರಿಯನ್ನು ಗುರುತಿಸಿದ ಬಗೆಯೂ ನಮಗೆ ಪರಿಚಿತವಾದುದೇ. ಒಂದು ಪ್ರೋಟೀನನ್ನು ತಡೆಹಿಡಿದರೆ ಮುಂದಿನ ಯಾವ ಕೆಲಸ ನಿಲ್ಲುತ್ತದೆ, ಮೊಹರು ಅಂಟದಂತೆ ಕೋಫಿಲಿನನ್ನು ಮಾರ್ಪಡಿಸಿ ಹಾಕಿದರೆ ಎಳೆಗಳು ಏನಾಗುತ್ತವೆ ಎಂದು ಒಂದೊಂದೇ ಹೆಜ್ಜೆಯನ್ನು ಪರೀಕ್ಷಿಸಲಾಯಿತು. ಬೇರ್ಪಡಿಸು, ಕಳೆ, ಕೂಡಿಸು, ನೋಡು ಎಂಬ ಸೆಗೆಡ್‌ನ ಕ್ರಮವೇ ಇದು. ಕ್ಯಾನ್ಸರ್ ಕೋಶಗಳು ಹುಟ್ಟಿದ ಸ್ಥಳವನ್ನು ಬಿಟ್ಟು ದೇಹದಲ್ಲಿ ಹರಡುವಾಗಲೂ ಆಕ್ಟಿನ್‌ನ ಬಲವನ್ನೇ ಬಳಸುತ್ತವೆ. ಆದುದರಿಂದ ಈ ದಾರಿಯ ಅರಿವು ವೈದ್ಯಶಾಸ್ತ್ರಕ್ಕೂ ಅಗತ್ಯವಾಗಿದೆ. ತಮ್ಮ ಮುಪ್ಪಿನಲ್ಲಿ ಕ್ಯಾನ್ಸರಿನ ಮೂಲವನ್ನು ಬೇರೆಲ್ಲಿಯೋ ಹುಡುಕಿದ ಸೆಂಟ್-ಜಾರ್ಜಿಯವರಿಗೆ, ನಡುವಯಸ್ಸಿನಲ್ಲಿ ತಮ್ಮ ಪ್ರಯೋಗಶಾಲೆಯಲ್ಲಿ ದೊರೆತ ಪ್ರೋಟೀನೇ ಆ ರೋಗದ ಹರಡುವಿಕೆಗೆ ಒಂದು ಸುಳಿವನ್ನು ಇಟ್ಟುಕೊಂಡಿದೆಯೆಂದು ತಿಳಿದಿರಲಿಲ್ಲ.

ಮಂದಬುದ್ಧಿಯವನೆಂದು ಕರೆಸಿಕೊಂಡ ಬಾಲಕನು ಜಗತ್ತಿಗೆ ಹೊಸ ತಿಳಿವನ್ನು ಕೊಟ್ಟನು. ಅದಕ್ಕೆ ಅವನಲ್ಲಿದ್ದ ಬಂಡವಾಳವು ದೊಡ್ಡ ಯಂತ್ರಗಳಲ್ಲ. ಕಂದುಬಣ್ಣಕ್ಕೆ ತಿರುಗಿದ ಹಣ್ಣು, ತಟ್ಟೆಯಲ್ಲಿ ಉಳಿದ ಮೆಣಸಿನಕಾಯಿ, ರಾತ್ರಿ ಕಳೆದು ಮಂದವಾದ ದ್ರಾವಣ ಇವು ಯಾರ ಕಣ್ಣಿಗಾದರೂ ಬೀಳುವಂಥವು. ಅವುಗಳನ್ನು ಕಡೆಗಣಿಸದೆ, ಏಕೆ ಎಂದು ಕೇಳಿ, ಉತ್ತರ ದೊರೆಯುವವರೆಗೆ ಕೈಯಾರೆ ಪರೀಕ್ಷಿಸುವ ಹಟವೇ ಅವನ ಬಂಡವಾಳವಾಗಿತ್ತು. ನಾವು ಪುಟವನ್ನು ತಿರುವಲು ಬೆರಳನ್ನು ಎತ್ತಿದಾಗಲೆಲ್ಲ ಅಸಂಖ್ಯಾತ ಆಕ್ಟಿನ್ ಎಳೆಗಳು ನಮ್ಮೊಳಗೆ ಜಾರುತ್ತವೆ. ಅವುಗಳ ಗುಟ್ಟನ್ನು ಯುದ್ಧದ ಕತ್ತಲಲ್ಲಿಯೂ ಅರಸಿದವರನ್ನು ನೆನೆಯಲು ಆ ಒಂದು ಬೆರಳಿನ ಚಲನೆಯೇ ಸಾಕು.